ದೀಪ ಹತ್ತಿದ ಮೇಲಿನ ವೆನಿಸ್: ಗೈಡ್ ಜೊತೆ ಒಂದು ರಾತ್ರಿ ನಡಿಗೆ

ವೆನಿಸ್‌ಗೆ ಬರುವವರಲ್ಲಿ ಬಹಳ ಮಂದಿ ಅಲ್ಲಿ ಒಂದು ರಾತ್ರಿಯೂ ತಂಗುವುದಿಲ್ಲ. ಬೆಳಿಗ್ಗೆ ರೈಲಿನಲ್ಲೋ ಬಸ್ಸಿನಲ್ಲೋ ಬಂದಿಳಿದು, ಸಾನ್ ಮಾರ್ಕೊ ಚೌಕದಲ್ಲಿ ಫೋಟೊ ತೆಗೆಸಿಕೊಂಡು, ರಿಯಾಲ್ಟೊ ಸೇತುವೆಯನ್ನು ನೂಕುನುಗ್ಗಲಿನಲ್ಲಿ ದಾಟಿ, ಸಂಜೆಗೆ ಮರಳಿಬಿಡುತ್ತಾರೆ. ಯುರೋಪಿನ ಪ್ಯಾಕೇಜ್ ಪ್ರವಾಸಕ್ಕೆ ಹೋಗುವ ನಮ್ಮವರ ಪಾಡೂ ಹೆಚ್ಚುಕಡಿಮೆ ಇದೇ. ಊರುಗಳ ಪಟ್ಟಿಯಲ್ಲಿ ವೆನಿಸ್ ಇರುತ್ತದೆ, ಹೋಟೆಲ್ ಮಾತ್ರ ಎಲ್ಲೋ ದೂರದ ಹೆದ್ದಾರಿಯ ಪಕ್ಕ ಇರುತ್ತದೆ. ಹಾಗೆ ನೋಡಿ ಬಂದವರು ವೆನಿಸ್ ಎಂದರೆ ಜನಜಂಗುಳಿ ಮತ್ತು ದುಬಾರಿ ಕಾಫಿ ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಆ ಊರನ್ನು ನಿಜವಾಗಿ ಅರಿಯಬೇಕಾದರೆ ಕತ್ತಲಾದ ಮೇಲೆ, ಅದನ್ನು ಬಲ್ಲ ಗೈಡ್ ಒಬ್ಬರ ಜೊತೆ ಎರಡು ಗಂಟೆ ನಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ದ್ವೀಪಗಳ ಮೇಲಿನ ಹಳೆಯ ನಗರದಲ್ಲಿ 1951ರಲ್ಲಿ ಸುಮಾರು 1,75,000 ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಹಗಲು ಹೊತ್ತು ಈ ನಿವಾಸಿಗಳು ಪ್ರವಾಸಿಗಳ ನಡುವೆ ಕಾಣಿಸುವುದೇ ಇಲ್ಲ. ರಾತ್ರಿ ಎಂಟರ ನಂತರ ಕಾಣಿಸುತ್ತಾರೆ: ನಾಯಿಯನ್ನು ಅಡ್ಡಾಡಿಸುವ ಅಜ್ಜಿ, ಅಂಗಡಿಯ ಬಾಗಿಲೆಳೆದು ಮನೆಗೆ ನಡೆಯುವ ಕೆಲಸಗಾರರು, ಚೌಕದಲ್ಲಿ ಚೆಂಡಾಡುವ ಹುಡುಗರು. ಕಾರಿಲ್ಲ, ಸ್ಕೂಟರಿಲ್ಲ. ಕಾಲುವೆಯ ನೀರು ಮೆಟ್ಟಿಲಿಗೆ ಬಡಿಯುವ ಸದ್ದು, ತಿರುವಿನಲ್ಲಿ ಎದುರು ದೋಣಿಗೆ ಎಚ್ಚರಿಕೆಯಾಗಿ ಗೊಂಡೊಲದವನು ಕೂಗುವ ‘ಓಯೆ’, ನಮ್ಮದೇ ಚಪ್ಪಲಿಯ ಸದ್ದು, ಇಷ್ಟೇ.

ಈ ಊರಿಗೂ ಕತ್ತಲಿಗೂ ಇರುವ ನಂಟು ಹಳೆಯದು. ಗಲ್ಲಿಗಳು ಕಿರಿದು, ಪಕ್ಕದಲ್ಲೇ ನೀರು, ತಪ್ಪಿಸಿಕೊಳ್ಳಲು ನೂರು ದಾರಿ. ಕೊಲೆಗಾರರಿಗೆ ಅನುಕೂಲವಾಗಿದ್ದ ಇಂಥ ಮೂಲೆಗಳಲ್ಲಿ, ಮನೆಗೋಡೆಯ ದೇವರ ಗೂಡುಗಳ ಮುಂದೆ, ರಾತ್ರಿಯಿಡೀ ಎಣ್ಣೆದೀಪ ಉರಿಸುವ ವ್ಯವಸ್ಥೆ ಮಧ್ಯಯುಗದಲ್ಲೇ ಬಂದಿತ್ತು. ಆ ಗೂಡುಗಳು ಇಂದಿಗೂ ಇವೆ, ಕೆಲವುಗಳ ಮುಂದೆ ದೀಪವೂ ಇದೆ. 13ನೇ ಶತಮಾನದ ವೇಳೆಗೆ ರಾತ್ರಿಯ ಅಪರಾಧಗಳನ್ನು ವಿಚಾರಿಸಲೆಂದೇ ಗಣರಾಜ್ಯವು ‘ಸಿನ್ಯೋರಿ ದಿ ನೊತ್ತೆ’ ಎಂಬ ಅಧಿಕಾರಿಗಳನ್ನು ನೇಮಿಸಿತು. ಮುಂದೆ ಊರಿನ ಆರು ಭಾಗಗಳಿಗೆ ಒಬ್ಬೊಬ್ಬರಂತೆ ಆರು ಜನ ಆದರು. ಇವರ ಜೊತೆಗೆ ‘ಕೊದೆಗ’ ಎಂಬವರಿದ್ದರು. ನಾಟಕ ಮುಗಿಸಿ ಅಥವಾ ಜೂಜಿನ ಮನೆಯಿಂದ ಹೊರಬಂದವರ ಮುಂದೆ ಲಾಟೀನು ಹಿಡಿದು ಮನೆತನಕ ಬಿಟ್ಟುಬರುವ ಕೂಲಿಯಾಳುಗಳು ಅವರು. ಬೀದಿದೀಪಗಳು ಬರುವವರೆಗೆ ವೆನಿಸಿನ ರಾತ್ರಿ ಅವರ ಕೈಯಲ್ಲಿತ್ತು.

ಗೈಡ್ ಆರಿಸುವುದು ಹೇಗೆ

ರಾತ್ರಿ ನಡಿಗೆ ಎಂದು ಹುಡುಕಿದರೆ ಮೊದಲು ಸಿಗುವುದು ದೆವ್ವದ ಕಥೆಗಳ ನಡಿಗೆಗಳು. ಗ್ರ್ಯಾಂಡ್ ಕಾಲುವೆಯ ದಂಡೆಯ ಕಾ ದಾರಿಯೊ ಎಂಬ 15ನೇ ಶತಮಾನದ ಚೆಲುವಾದ ಅರಮನೆಗೆ ಶಾಪವಿದೆ, ಅದನ್ನು ಕೊಂಡವರೆಲ್ಲ ಹಾಳಾದರು ಎಂಬಂಥವು. ಮಕ್ಕಳಿಗೆ ಇವು ಖುಷಿ ಕೊಡಬಹುದು. ಆದರೆ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಅಷ್ಟು ದೂರ ಹಣ ಸುರಿದು ಹೋದವರು ಇದಕ್ಕೆ ಒಂದು ಸಂಜೆ ಕೊಡಬಾರದು. ದಾಖಲೆಯಲ್ಲಿರುವ ವೆನಿಸ್ ಕಟ್ಟುಕಥೆಯ ವೆನಿಸ್‌ಗಿಂತ ಹೆಚ್ಚು ರೋಮಾಂಚಕ. 1756ರ ಅಕ್ಟೋಬರ್ 31ರ ರಾತ್ರಿ ಕಸನೋವ ದೋಜೆಯ (ಗಣರಾಜ್ಯದ ಮುಖ್ಯಸ್ಥನ) ಅರಮನೆಯ ಸೀಸದ ಛಾವಣಿಯ ಕೆಳಗಿನ ಸೆರೆಮನೆಯಿಂದ ಛಾವಣಿ ಒಡೆದು ಪಾರಾದ. 1996ರ ಜನವರಿ 29ರ ರಾತ್ರಿ ಲಾ ಫೆನಿಚೆ ಒಪೆರಾ ಮಂದಿರ ಹೊತ್ತಿ ಉರಿಯಿತು. ಪಕ್ಕದ ಕಾಲುವೆಗಳನ್ನು ದುರಸ್ತಿಗಾಗಿ ಬರಿದು ಮಾಡಿದ್ದರಿಂದ ಅಗ್ನಿಶಾಮಕ ದೋಣಿಗಳಿಗೆ ಹತ್ತಿರ ಹೋಗಲಾಗಲಿಲ್ಲ. ಬೆಂಕಿ ಇಟ್ಟವರು ಅಲ್ಲೇ ಕೆಲಸ ಮಾಡುತ್ತಿದ್ದ ಎಲೆಕ್ಟ್ರಿಷಿಯನ್‌ಗಳು ಎಂದು ನ್ಯಾಯಾಲಯದಲ್ಲಿ ಸಾಬೀತಾಯಿತು. ಇಂಥವನ್ನು ಆ ಜಾಗದಲ್ಲೇ ನಿಂತು ಹೇಳುವ ಗೈಡ್ ಬೇಕು.

ಇಟಲಿಯಲ್ಲಿ ಪ್ರವಾಸಿ ಗೈಡ್ ಆಗಲು ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕು. ಬುಕ್ ಮಾಡುವ ಮುನ್ನ ‘ನಿಮ್ಮ ಗೈಡ್‌ಗೆ ಪರವಾನಗಿ ಇದೆಯೇ, ಅವರು ವೆನಿಸ್‌ನಲ್ಲೇ ವಾಸವಿದ್ದಾರೆಯೇ’ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಕಾನೂನಿನ ಬಲವಿಲ್ಲ, ಆದರೂ ನನಗೆ ಅದೇ ಮುಖ್ಯ. ಊರಲ್ಲಿ ವಾಸಿಸುವವರಿಗೆ ಮಾತ್ರ ಯಾವ ಗಲ್ಲಿಯಲ್ಲಿ ಕಳೆದ ವರ್ಷ ಕೊನೆಯ ದಿನಸಿ ಅಂಗಡಿ ಮುಚ್ಚಿತು ಎಂಬುದು ಗೊತ್ತಿರುತ್ತದೆ. ‘ಉಚಿತ’ ಎಂದು ಬರೆದುಕೊಂಡ ನಡಿಗೆಗಳು ಕೊನೆಯಲ್ಲಿ ಭಕ್ಷೀಸಿನ ಮೇಲೆ ನಡೆಯುವಂಥವು, ಅಲ್ಲೂ ಪರವಾನಗಿಯ ಪ್ರಶ್ನೆ ಕೇಳಲು ಸಂಕೋಚ ಬೇಡ. 2024ರಿಂದ ವೆನಿಸ್ ನಗರಾಡಳಿತ ಗೈಡ್ ಗುಂಪುಗಳಿಗೆ 25 ಜನರ ಮಿತಿ ಹಾಕಿದೆ, ಧ್ವನಿವರ್ಧಕವನ್ನು ನಿಷೇಧಿಸಿದೆ. ರಾತ್ರಿ ನಡಿಗೆಗೆ 25 ಕೂಡ ಹೆಚ್ಚೇ. ಇಬ್ಬರು ಪಕ್ಕಪಕ್ಕ ನಡೆಯಲಾಗದ ಗಲ್ಲಿಯಲ್ಲಿ ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. 10-12 ಜನರಿಗೆ ಮೀರದ ಗುಂಪು ಹುಡುಕಿ. ನಾಲ್ಕಾರು ಜನರ ಕುಟುಂಬವಾದರೆ ಖಾಸಗಿ ಗೈಡೇ ಸೂಕ್ತ, ಏಕೆಂದರೆ ಅವರ ಶುಲ್ಕ ಸಾಮಾನ್ಯವಾಗಿ ತಲೆಗಿಷ್ಟು ಎಂದಲ್ಲ, ಗುಂಪಿಗಿಷ್ಟು ಎಂದಿರುತ್ತದೆ.

ರಿಯಾಲ್ಟೊದಿಂದ ಸಾನ್ ಮಾರ್ಕೊಗೆ

ಗೈಡ್‌ಗಳು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಮೊದಲ ಸಲದವರಿಗೆ ನಾನು ಸೂಚಿಸುವುದು ರಿಯಾಲ್ಟೊದಿಂದ ಹೊರಟು, ಅಂಗಡಿ ಸಾಲಿನ ನೇರ ದಾರಿಯನ್ನು ಬಿಟ್ಟು, ಉತ್ತರಕ್ಕೆ ಸುತ್ತುಹಾಕಿ ಸಾನ್ ಮಾರ್ಕೊ ತಲುಪುವ ದಾರಿ. ನೇರ ನಡೆದರೆ ಹತ್ತು ನಿಮಿಷದ ಹಾದಿ. ಸುತ್ತಿದರೆ ಎರಡು ಗಂಟೆ ಸಾಲದು.

ರಿಯಾಲ್ಟೊದ ಕಲ್ಲಿನ ಸೇತುವೆಯನ್ನು ಆಂತೊನಿಯೊ ದಾ ಪೊಂತೆ 1588ರಿಂದ 1591ರೊಳಗೆ ಕಟ್ಟಿದ. ರಾತ್ರಿ ಹತ್ತರ ನಂತರ ಅದರ ಅಂಗಡಿಗಳು ಮುಚ್ಚಿರುತ್ತವೆ, ಕಮಾನಿನ ನಿಜವಾದ ಆಕಾರ ಆಗ ಕಾಣುತ್ತದೆ. ಅಲ್ಲಿಂದ ಸಾನ್ ಜೊವಾನ್ನಿ ಗ್ರಿಸೊಸ್ತೊಮೊ ಚರ್ಚಿನ ಹಿಂಬದಿಗೆ ಬಂದರೆ ‘ಕೊರ್ತೆ ಸೆಕೊಂದ ದೆಲ್ ಮಿಲಿಯೊನ್’ ಎಂಬ ಪುಟ್ಟ ಅಂಗಳವಿದೆ. ಮಾರ್ಕೊ ಪೋಲೊ ಕುಟುಂಬದ ಮನೆ ಇದ್ದದ್ದು ಈ ಆವರಣದಲ್ಲಿ. ಇಂದು ಅಲ್ಲಿ ಮಲಿಬ್ರಾನ್ ರಂಗಮಂದಿರ ನಿಂತಿದೆ.

ಕನ್ನಡಿಗರು ಇಲ್ಲಿ ಇನ್ನೊಬ್ಬನನ್ನೂ ನೆನೆಯಬೇಕು. ವೆನಿಸ್ ಖಾರಿಯ ದಕ್ಷಿಣ ತುದಿಯ ಕಿಯೊಜ್ಜ ಎಂಬ ಊರಿನ ವರ್ತಕ ನಿಕೊಲೊ ದೆ ಕೊಂತಿ 1420ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ. ದಶಕಗಳ ತಿರುಗಾಟ ಮುಗಿಸಿ ಮರಳಿದ ಮೇಲೆ, ಪ್ರಯಾಣದಲ್ಲಿ ಜೀವ ಉಳಿಸಿಕೊಳ್ಳಲು ಕ್ರೈಸ್ತಮತ ತೊರೆದಿದ್ದಕ್ಕೆ ಕ್ಷಮೆ ಕೋರಿ ಪೋಪ್ ನಾಲ್ಕನೇ ಯೂಜೀನನ ಬಳಿ ಹೋದ. ಪೋಪನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲೀನಿ ಅವನ ಅನುಭವವನ್ನು ಕೇಳಿ ಬರೆದಿಟ್ಟ. ಬೆಟ್ಟಗಳ ನಡುವಿನ ಮಹಾನಗರ, ಅದರ ಕೋಟೆ, ಹಬ್ಬದ ದಿನ ದೇವಾಲಯಗಳ ಒಳಗೂ ಛಾವಣಿಯ ಮೇಲೂ ಹಗಲಿರುಳು ಉರಿಯುವ ಲೆಕ್ಕವಿಲ್ಲದ ಎಣ್ಣೆದೀಪಗಳು ಎಲ್ಲವೂ ಅದರಲ್ಲಿ ಬರುತ್ತವೆ. ಮುಂದೆ 1567ರಲ್ಲಿ, ತಾಳಿಕೋಟೆ ಕಾಳಗದ ಬಳಿಕ, ವೆನಿಸಿನ ಮತ್ತೊಬ್ಬ ವ್ಯಾಪಾರಿ ಚೆಸಾರೆ ಫೆದೆರೀಚಿ ಪಾಳುಬಿದ್ದ ಅದೇ ನಗರಕ್ಕೆ ಬಂದು ಏಳು ತಿಂಗಳು ಉಳಿದ. ಹಂಪಿಯ ಬಗ್ಗೆ ಓದುವಾಗ ನಾವು ಬಳಸುವ ಸಾಕ್ಷ್ಯಗಳಲ್ಲಿ ಇಬ್ಬರ ಮಾತೂ ಸೇರಿದೆ. ಗೈಡ್‌ಗೆ ಈ ಹೆಸರುಗಳನ್ನು ಹೇಳಿ ನೋಡಿ, ಒಳ್ಳೆಯ ಗೈಡ್ ಆದರೆ ಮಾತು ಬೆಳೆಯುತ್ತದೆ.

ಮುಂದೆ ಸಾಂತಾ ಮರಿಯಾ ದೇಯಿ ಮಿರಾಕೊಲಿ. 1480ರ ದಶಕದಲ್ಲಿ ಪಿಯೆತ್ರೊ ಲೊಂಬಾರ್ದೊ ಕಟ್ಟಿದ, ಒಳಗೂ ಹೊರಗೂ ಬಣ್ಣದ ಅಮೃತಶಿಲೆ ಹೊದಿಸಿದ ಪುಟ್ಟ ಚರ್ಚು. ಒಂದು ಮಗ್ಗುಲು ನೇರ ಕಾಲುವೆಗೆ ಇಳಿದಿದೆ. ಅಲ್ಲಿಂದ ಎರಡು ಸೇತುವೆ ದಾಟಿದರೆ ಸಾಂತಿ ಜೊವಾನ್ನಿ ಎ ಪಾವೊಲೊ ಚೌಕ, ಊರಿನವರ ಬಾಯಲ್ಲಿ ‘ಸಾನ್ ಜನಿಪೊಲೊ’. ಕುದುರೆ ಏರಿದ ಸೇನಾಪತಿ ಕೊಲ್ಲೆಯೊನಿಯ ಕಂಚಿನ ಪ್ರತಿಮೆ ಅಲ್ಲಿದೆ. ವೆರೊಕ್ಕಿಯೊ ಅದನ್ನು ರೂಪಿಸಿದ, ಎರಕ ಹೊಯ್ಯುವ ಮೊದಲೇ ತೀರಿಕೊಂಡ. 1475ರಲ್ಲಿ ಸತ್ತ ಕೊಲ್ಲೆಯೊನಿ ತನ್ನ ಆಸ್ತಿಯ ದೊಡ್ಡ ಪಾಲನ್ನು ಗಣರಾಜ್ಯಕ್ಕೆ ಬಿಟ್ಟು, ಪ್ರತಿಯಾಗಿ ಸಾನ್ ಮಾರ್ಕೊದಲ್ಲಿ ಪ್ರತಿಮೆ ಕೇಳಿದ್ದ. ವ್ಯಕ್ತಿಪೂಜೆ ಒಪ್ಪದ ವೆನಿಸಿನವರು ಹಣ ಪಡೆದು, ಪ್ರತಿಮೆಯನ್ನು ಸಾನ್ ಮಾರ್ಕೊ ಚೌಕದ ಬದಲು ಸಾನ್ ಮಾರ್ಕೊ ಹೆಸರಿನ ಸಂಘದ ಕಟ್ಟಡದ ಮುಂದೆ ನಿಲ್ಲಿಸಿದರು. ಆ ಕಟ್ಟಡವೇ ಇಂದು ಊರಿನ ಆಸ್ಪತ್ರೆ. ರೋಗಿಗಳನ್ನು ಹೊತ್ತ ದೋಣಿ ಆಂಬುಲೆನ್ಸ್‌ಗಳು ಪಕ್ಕದ ಕಾಲುವೆಯಲ್ಲಿ ಬರುತ್ತವೆ.

ಇಂಥ ಚೌಕಕ್ಕೆ ವೆನಿಸಿನಲ್ಲಿ ಕಾಂಪೊ ಎನ್ನುತ್ತಾರೆ. ನಮ್ಮೂರ ಅರಳಿಕಟ್ಟೆಯಂತೆ ಸಂಜೆಯ ಹರಟೆ, ಪಂಚಾಯಿತಿ, ಮಕ್ಕಳ ಆಟ ಎಲ್ಲಕ್ಕೂ ಅದೇ ಜಾಗ. ಕಾಂಪೊದ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ ಇರುತ್ತದೆ, ಮೇಲೆ ಲೋಹದ ಮುಚ್ಚಳ. ಹಗಲಿನಲ್ಲಿ ಜನ ಅದಕ್ಕೆ ಒರಗಿ ಐಸ್‌ಕ್ರೀಮ್ ತಿನ್ನುತ್ತಾರೆ, ಅದೇನೆಂದು ಯಾರೂ ನೋಡುವುದಿಲ್ಲ. ರಾತ್ರಿ ಖಾಲಿ ಚೌಕದಲ್ಲಿ ಗೈಡ್ ಟಾರ್ಚ್ ಬಿಟ್ಟು ತೋರಿಸಿದರೆ ಇಡೀ ಊರಿನ ಗುಟ್ಟು ಅರ್ಥವಾಗುತ್ತದೆ. ಸುತ್ತ ಉಪ್ಪುನೀರು, ಕುಡಿಯುವ ಸಿಹಿನೀರು ಎಲ್ಲಿಂದ? ಮಳೆಯಿಂದ. ಚೌಕದ ಹಾಸುಗಲ್ಲು ನುಣ್ಣಗೆ ಸಮತಟ್ಟಾಗಿಲ್ಲ, ತೂತಿನ ಕಲ್ಲುಗಳ ಕಡೆಗೆ ನವಿರಾಗಿ ಇಳಿದಿದೆ. ಮಳೆನೀರು ಆ ತೂತುಗಳಿಂದ ಇಳಿದು, ಜೇಡಿಮಣ್ಣು ಮೆತ್ತಿದ ದೊಡ್ಡ ಹೊಂಡದಲ್ಲಿ ತುಂಬಿದ ಮರಳಿನ ಮೂಲಕ ಸೋಸಿ, ನಡುವಿನ ಇಟ್ಟಿಗೆ ಬಾವಿಯಲ್ಲಿ ನಿಲ್ಲುತ್ತಿತ್ತು. ಉಪ್ಪುನೀರು ಒಳನುಗ್ಗಿದರೆ ಇಡೀ ಕೇರಿಯ ನೀರು ಹಾಳು. ಆದ್ದರಿಂದ ಕೆಲವು ಚೌಕಗಳನ್ನು ಬಾವಿಯ ಸುತ್ತ ಎತ್ತರಿಸಿದ್ದಾರೆ. 1884ರಲ್ಲಿ ಮುಖ್ಯಭೂಮಿಯಿಂದ ಕೊಳವೆ ನೀರು ಬರುವವರೆಗೆ ವೆನಿಸ್ ಬದುಕಿದ್ದು ಹೀಗೆ. ಎಲ್ಲ ಅರಮನೆಗಳಿಗಿಂತ ಈ ಬಾವಿಗಳೇ ನನಗೆ ದೊಡ್ಡ ವಾಸ್ತುಶಿಲ್ಪವಾಗಿ ಕಾಣುತ್ತವೆ.

ಸಾಂತಾ ಮರಿಯಾ ಫೊರ್ಮೊಸ, ಸಾನ್ ಜಕ್ಕರಿಯ ಹಾದು ನೀರಿನ ದಂಡೆಗೆ ಬಂದು ಪಾಲ್ಯ ಸೇತುವೆಯ ಮೇಲೆ ನಿಂತರೆ ಎದುರಿಗೆ ನಿಟ್ಟುಸಿರಿನ ಸೇತುವೆ. ಅದರ ಕೆಳಗೆ ಗೊಂಡೊಲದಲ್ಲಿ ಮುತ್ತಿಟ್ಟುಕೊಂಡ ಪ್ರೇಮಿಗಳು ಎಂದೂ ಅಗಲುವುದಿಲ್ಲ ಎಂಬ ಮಾತು ಪ್ರವಾಸೋದ್ಯಮದ್ದು. 1600ರ ಸುಮಾರಿಗೆ ಕಟ್ಟಿದ ಈ ಸೇತುವೆ ವಿಚಾರಣೆಯ ಕೋಣೆಗಳಿಂದ ಸೆರೆಮನೆಗೆ ಕೈದಿಗಳನ್ನು ದಾಟಿಸುವ ದಾರಿ. ಅಲ್ಲಿಂದ ಮುಂದೆ ಎರಡು ಎತ್ತರದ ಕಂಬಗಳು, ಒಂದರ ಮೇಲೆ ಸಿಂಹ, ಇನ್ನೊಂದರ ಮೇಲೆ ಸಂತ ತೆವೊದೊರೊ. ಗಣರಾಜ್ಯದ ಮರಣದಂಡನೆಗಳು ಇವೆರಡರ ನಡುವೆ ನಡೆಯುತ್ತಿದ್ದವು, ಹಳೆಯ ವೆನಿಸಿನವರು ಇಂದಿಗೂ ಅವುಗಳ ನಡುವೆ ಹಾಯುವುದಿಲ್ಲ.

ಇಲ್ಲೇ ತಿರುಗಿ ಸಾನ್ ಮಾರ್ಕೊ ಬಸಿಲಿಕಾದ ದಕ್ಷಿಣ ಗೋಡೆ ನೋಡಬೇಕು. ಮೇಲೆ ಮೇರಿಮಾತೆಯ ಮೊಸಾಯಿಕ್ ಚಿತ್ರ, ಅದರ ಎರಡು ಬದಿ ಎರಡು ಸಣ್ಣ ದೀಪಗಳು. ಹಗಲಿನಲ್ಲಿ ಇವು ಕಣ್ಣಿಗೆ ಬೀಳುವುದೇ ಇಲ್ಲ. ಮಾಡದ ಕೊಲೆಗೆ ಗಲ್ಲಿಗೇರಿದ ಬಡ ಬೇಕರಿ ಹುಡುಗನ ನೆನಪಿಗೆ, ನ್ಯಾಯಾಧೀಶರ ಪಶ್ಚಾತ್ತಾಪವಾಗಿ ಇವು ಉರಿಯುತ್ತವೆ ಎಂದು ಊರು ಹೇಳುತ್ತದೆ. ಬಿರುಗಾಳಿಯಲ್ಲಿ ದಾರಿ ತಪ್ಪಿ ಬದುಕುಳಿದ ನಾವಿಕನೊಬ್ಬನ ಹರಕೆ ಎಂಬುದು ಇನ್ನೊಂದು ವಿವರಣೆ, ಇತಿಹಾಸಕಾರರು ಒಲಿಯುವುದು ಇದಕ್ಕೆ. ನಿಮ್ಮ ಗೈಡ್ ಎರಡನ್ನೂ ಹೇಳಿ, ಯಾವುದು ಕಥೆ ಯಾವುದು ದಾಖಲೆ ಎಂದು ಬಿಡಿಸಿ ತೋರಿಸಿದರೆ ಕೊಟ್ಟ ಹಣ ಸಾರ್ಥಕ. ನಡುರಾತ್ರಿಯವರೆಗೆ ನಿಂತವರಿಗೆ ಗಂಟೆಗೋಪುರದ ಮರಂಗೋನ ಗಂಟೆ ಕೇಳುತ್ತದೆ. 1902ರ ಜುಲೈ 14ರಂದು ಗೋಪುರ ಕುಸಿದಾಗ ಐದು ಗಂಟೆಗಳಲ್ಲಿ ಒಡೆಯದೆ ಉಳಿದದ್ದು ಅದೊಂದೇ. 1912ರಲ್ಲಿ ಗೋಪುರವನ್ನು ಇದ್ದಲ್ಲೇ ಇದ್ದ ಹಾಗೇ ಮತ್ತೆ ಕಟ್ಟಿದರು.

ಹಣ ಇದ್ದರೆ ಬಸಿಲಿಕಾದ ರಾತ್ರಿ ಭೇಟಿಯನ್ನು ಬೇರೆಯಾಗಿ ಬುಕ್ ಮಾಡಿ. ಬಾಗಿಲು ಮುಚ್ಚಿದ ಮೇಲೆ ಅನುಮತಿ ಪಡೆದ ಸಂಸ್ಥೆಗಳು ಚಿಕ್ಕ ಗುಂಪುಗಳನ್ನು ಒಳಗೆ ಕರೆದೊಯ್ಯುತ್ತವೆ. ಕತ್ತಲಲ್ಲಿ ಕೂತಿರುವಾಗ ದೀಪಗಳು ಒಂದೊಂದಾಗಿ ಹೊತ್ತಿ, 8,000 ಚದರ ಮೀಟರಿಗೂ ಮೀರಿದ ಚಿನ್ನದ ಮೊಸಾಯಿಕ್ ಬೆಳಗುತ್ತದೆ. ಗಾಜಿನ ಆ ಪುಟ್ಟ ಬಿಲ್ಲೆಗಳನ್ನು ಒಂದೇ ಮಟ್ಟದಲ್ಲಿ ಕೂರಿಸಿಲ್ಲ, ಬೆಳಕು ಹಲವು ದಿಕ್ಕಿಗೆ ಚದುರಲೆಂದು ಸ್ವಲ್ಪ ಓರೆಯಾಗಿ ಒತ್ತಿದ್ದಾರೆ. ಎಣ್ಣೆದೀಪದ ಕಾಲಕ್ಕೆಂದು ಮಾಡಿದ ಕೆಲಸ ಅದು. ಟಿಕೆಟ್ ದುಬಾರಿ, ಆದರೂ ಗೊಂಡೊಲ ಬಿಟ್ಟು ಇದನ್ನು ಆರಿಸಿ ಎನ್ನುತ್ತೇನೆ.

ಎರಡನೆಯ ರಾತ್ರಿ ಸಿಕ್ಕರೆ ಕನರೆಜೊ ಭಾಗದ ಯಹೂದಿ ಗೆಟ್ಟೊಗೆ ಹೋಗಿ. 1516ರಲ್ಲಿ ವೆನಿಸ್ ತನ್ನ ಯಹೂದಿಗಳನ್ನು ಒಂದು ಪುಟ್ಟ ದ್ವೀಪಕ್ಕೆ ಸೇರಿಸಿ, ರಾತ್ರಿ ಬಾಗಿಲು ಹಾಕಿ, ಸುತ್ತಲಿನ ಕಾಲುವೆಯಲ್ಲಿ ಕಾವಲು ದೋಣಿ ಬಿಟ್ಟಿತು. ಕಾವಲುಗಾರರ ಸಂಬಳವನ್ನೂ ಯಹೂದಿಗಳೇ ಕೊಡಬೇಕಿತ್ತು. ಬೆಳಿಗ್ಗೆ ಮರಂಗೋನ ಬಾರಿಸಿದಾಗ ಬಾಗಿಲು ತೆರೆಯುತ್ತಿತ್ತು. ರಾತ್ರಿ ಹೊರಹೋಗಲು ವೈದ್ಯರಿಗೆ ವಿನಾಯಿತಿ ಇತ್ತು, ಕ್ರೈಸ್ತ ರೋಗಿಗಳಿಗೆ ಅವರು ಬೇಕಿದ್ದರು. ಜಾಗ ಹಿಗ್ಗಿಸುವಂತಿಲ್ಲದ್ದರಿಂದ ಮನೆಗಳು ಮೇಲಕ್ಕೆ ಬೆಳೆದವು, ಏಳೆಂಟು ಅಂತಸ್ತು, ತಗ್ಗು ಚಾವಣಿ. ಬಾಗಿಲುಗಳನ್ನು ಕಿತ್ತೆಸೆದದ್ದು 1797ರಲ್ಲಿ, ನೆಪೋಲಿಯನ್ ಸೇನೆ ಬಂದಾಗ. ಬಾಗಿಲು ಕೀಲಿಸಿದ್ದ ಗುರುತು ಕಲ್ಲಿನಲ್ಲಿ ಇನ್ನೂ ಇದೆ. ಈ ಜಾಗವನ್ನು ರಾತ್ರಿಯೇ ನೋಡಬೇಕು, ಏಕೆಂದರೆ ಇಲ್ಲಿನ ಅನ್ಯಾಯ ನಡೆದದ್ದು ರಾತ್ರಿಯಲ್ಲಿ.

ಹೊರಡುವ ಮುನ್ನ

ಜೂನ್ ಕೊನೆಯಲ್ಲಿ ವೆನಿಸಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತಕ್ಕೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ. ಬೇಸಿಗೆಯಲ್ಲಿ ಏಳು ಗಂಟೆಯ ‘ರಾತ್ರಿ ನಡಿಗೆ’ ಬುಕ್ ಮಾಡಿದರೆ ಇಡೀ ಸಮಯ ಬಿಸಿಲೇ ಇರುತ್ತದೆ. ಒಂಬತ್ತರ ನಂತರದ್ದನ್ನು ಹಿಡಿಯಿರಿ. ನನಗೆ ಮೆಚ್ಚು ಫೆಬ್ರವರಿಯ ಕಾರ್ನಿವಲ್ ಬಿಟ್ಟ ಚಳಿಗಾಲ: ಮಂಜು, ಕಡಿಮೆ ಜನ, ಅಗ್ಗದ ಕೋಣೆ. ಉಣ್ಣೆಯ ಟೋಪಿ, ಗ್ಲೌಸ್ ಇರಲಿ, ನೀರಿನ ಮೇಲಿನ ಚಳಿ ಮೂಳೆಗೆ ಇಳಿಯುತ್ತದೆ.

ಅಕ್ಟೋಬರಿನಿಂದ ಜನವರಿಯವರೆಗೆ ಹೋಗುವವರು ‘ಆಕ್ವ ಆಲ್ತ’ ಎಂಬ ಉಬ್ಬರದ ಮುನ್ಸೂಚನೆ ನೋಡಲೇಬೇಕು. 2019ರ ನವೆಂಬರ್ 12ರ ರಾತ್ರಿ ನೀರು 187 ಸೆಂಟಿಮೀಟರಿಗೆ ಏರಿತ್ತು. 2020ರ ಅಕ್ಟೋಬರಿನಿಂದ ಮೊಸೆ ಎಂಬ 78 ಚಲಿಸುವ ಕದಗಳ ತಡೆಗೋಡೆ ಖಾರಿಯ ಬಾಯಲ್ಲಿ ಕೆಲಸ ಮಾಡುತ್ತಿದೆ. ಆದರೆ ಅದನ್ನು ಎತ್ತುವುದು ಸಾಮಾನ್ಯವಾಗಿ 110 ಸೆಂಟಿಮೀಟರಿನ ಮುನ್ಸೂಚನೆ ಇದ್ದಾಗ. ಸಾನ್ ಮಾರ್ಕೊ ಚೌಕ ಅದಕ್ಕಿಂತ ತಗ್ಗು, ಆದ್ದರಿಂದ ಅಲ್ಲಿ ಕಾಲು ನೆನೆಯಬಹುದು.

ಚರ್ಮದ ನಯವಾದ ತಳದ ಶೂ ಬೇಡ, ರಬ್ಬರ್ ತಳ ಇರಲಿ. ಸೇತುವೆ ಮೆಟ್ಟಿಲುಗಳ ಅಂಚಿಗೆ ಹಾಕಿದ ಇಸ್ತ್ರಿಯಾ ಪ್ರದೇಶದ ಬಿಳಿ ಕಲ್ಲು ಕತ್ತಲಲ್ಲಿ ಕಾಣಲು ಅನುಕೂಲ, ಒದ್ದೆಯಾದಾಗ ಜಾರುತ್ತದೆ. ಕಾಲುವೆಯಂಚಿನ ಹಲವು ದಾರಿಗಳಿಗೆ ಕಂಬಿ ಇಲ್ಲ, ನೀರಿಗಿಳಿಯುವ ಮೆಟ್ಟಿಲುಗಳ ಮೇಲೆ ಪಾಚಿ. ಮಕ್ಕಳ ಕೈ ಬಿಡಬೇಡಿ, ಫೋಟೊಗೆಂದು ಹಿಂದಕ್ಕೆ ಹೆಜ್ಜೆ ಇಡಬೇಡಿ. ಪ್ರತಿ ಹತ್ತು ನಿಮಿಷಕ್ಕೆ ಸೇತುವೆ ಹತ್ತಿಳಿಯಬೇಕಾದ್ದರಿಂದ ಮಂಡಿನೋವಿನವರು ಕಡಿಮೆ ಸೇತುವೆಗಳ ದಾರಿ ಬೇಕೆಂದು ಗೈಡ್‌ಗೆ ಮೊದಲೇ ತಿಳಿಸಲಿ.

ಏಪ್ರಿಲ್‌ನಿಂದ ಜುಲೈವರೆಗಿನ ಆಯ್ದ ದಿನಗಳಲ್ಲಿ ವೆನಿಸ್ ಪ್ರವೇಶಕ್ಕೆ ಶುಲ್ಕವಿದೆ. 2024ರಲ್ಲಿ 5 ಯೂರೊ ಇದ್ದದ್ದು, 2025ರಲ್ಲಿ ತಡವಾಗಿ ಕಟ್ಟುವವರಿಗೆ 10 ಯೂರೊ ಆಯಿತು. ಅದು ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಬರುವವರಿಗೆ ಮಾತ್ರ. ಊರಲ್ಲಿ ತಂಗುವವರಿಗೆ ವಿನಾಯಿತಿ ಇದೆ, ಆದರೆ ಆನ್‌ಲೈನ್‌ನಲ್ಲಿ ನೋಂದಾಯಿಸಿ ಕೋಡ್ ಇಟ್ಟುಕೊಳ್ಳಬೇಕು.

ಊಟವನ್ನು ನಡಿಗೆಗೆ ಮೊದಲೇ ಮುಗಿಸಿ, ಅಡುಗೆಮನೆಗಳು ಬೇಗ ಮುಚ್ಚುತ್ತವೆ. ಬಾಕರೊ ಎಂಬ ಪುಟ್ಟ ಪಾನಗೃಹಗಳಲ್ಲಿ ಚಿಕೆತ್ತಿ ಎಂಬ ತಿಂಡಿ ಸಿಗುತ್ತದೆ. ಹೆಚ್ಚಿನವು ಮೀನಿನವು, ಬೆಣ್ಣೆಯಂತೆ ಬಿಳಿಯಾಗಿ ಕಾಣುವ ಬಕಲಾ ಮಂತೆಕಾತೊ ಕೂಡ ಒಣಮೀನಿನದು. ಸಸ್ಯಾಹಾರಿಗಳು ‘ಸೆನ್ಜ ಕಾರ್ನೆ, ಸೆನ್ಜ ಪೆಶೆ’ ಎಂದು ಕೇಳಿ, ಅಂದರೆ ಮಾಂಸವಿಲ್ಲದ್ದು, ಮೀನಿಲ್ಲದ್ದು. ಗಿಣ್ಣು ಮತ್ತು ತರಕಾರಿ ಹಾಕಿದ ಬ್ರೆಡ್ ತುಂಡುಗಳು ಇದ್ದೇ ಇರುತ್ತವೆ. ಸಾರ್ವಜನಿಕ ಶೌಚಾಲಯಗಳು ರಾತ್ರಿ ಮುಚ್ಚಿರುತ್ತವೆ, ಹೋಟೆಲಿನಿಂದಲೇ ಸಿದ್ಧವಾಗಿ ಹೊರಡಿ.

ಮರಳಲು ವಪೊರೆತ್ತೊ ದೋಣಿಬಸ್ಸಿನ ರಾತ್ರಿ ಮಾರ್ಗ ‘ಎನ್’ ಇದೆ. ಮುಖ್ಯಭೂಮಿಯ ಮೇಸ್ತ್ರೆಯಲ್ಲಿ ತಂಗಿರುವವರು ಕೊನೆಯ ರೈಲಿನ ಸಮಯವನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಲಿ. ಮನೆಸಂಖ್ಯೆಗಳು ಬೀದಿಗೆ ಅನುಸಾರವಾಗಿಲ್ಲ, ಇಡೀ ಭಾಗಕ್ಕೆ ಒಂದೇ ಸರಣಿ. ಆದ್ದರಿಂದ ಹೋಟೆಲಿನ ಪಕ್ಕದ ಕಾಂಪೊ ಯಾವುದು, ದೋಣಿ ನಿಲ್ದಾಣ ಯಾವುದು ಎಂದು ಬರೆದಿಟ್ಟುಕೊಳ್ಳಿ.

ಗಲ್ಲಿಗಳಲ್ಲಿ ಬಲಕ್ಕೆ ಒತ್ತಿ ನಡೆಯಿರಿ, ದಾಟಿಹೋಗಬೇಕಾದರೆ ‘ಪೆರ್ಮೆಸ್ಸೊ’ ಎನ್ನಿ. ಸೇತುವೆ ಮೆಟ್ಟಿಲ ಮೇಲೆ ಕೂತು ತಿಂದರೆ ದಂಡ ಬೀಳಬಹುದು. ತಲೆಯ ಮೇಲಿನ ಕಿಟಕಿಗಳ ಹಿಂದೆ ಜನ ಮಲಗಿರುತ್ತಾರೆ, ಕಲ್ಲಿನ ಗಲ್ಲಿಯಲ್ಲಿ ಪಿಸುಮಾತೂ ಮೂರನೆಯ ಮಹಡಿಗೆ ಕೇಳುತ್ತದೆ. ಊರು ಬಿಟ್ಟುಹೋಗದೆ ಉಳಿದವರು ಅವರು, ಅವರ ನಿದ್ದೆ ಕೆಡಿಸುವುದು ಬೇಡ.

ಕೊನೆಯದಾಗಿ ಒಂದು ಕೋರಿಕೆ. ಯುರೋಪ್ ಪ್ರವಾಸಕ್ಕೆ ಮುಂಗಡ ಕಟ್ಟುವ ಮುನ್ನ ಟ್ರಾವೆಲ್ಸ್‌ನವರನ್ನು ಎರಡು ಪ್ರಶ್ನೆ ಕೇಳಿ: ವೆನಿಸಿನ ಹೋಟೆಲ್ ದ್ವೀಪದ ಒಳಗಿದೆಯೇ? ಒಂದು ರಾತ್ರಿಯಾದರೂ ನಮಗೆ ಬಿಡುವಿದೆಯೇ? ಎರಡಕ್ಕೂ ಇಲ್ಲ ಎಂದರೆ ಬೇರೊಂದು ಊರನ್ನು ಕೈಬಿಟ್ಟಾದರೂ ವೆನಿಸಿಗೆ ಒಂದು ರಾತ್ರಿ ಸೇರಿಸುವಂತೆ ಹೇಳಿ.